ಕೋಡಿಯಲ್ಲಿ ಜಲಪಾತವಿಲ್ಲ

ಕೋಡಿ, ಕುಂದಾಪುರ
11 ನವೆಂಬರ್ 2024

ನಿರ್ದೇಶಕರಾದ ಜಿತೇಂದ್ರ ಅವರಿಗೆ,

ನನ್ನ ಹೆಸರು ಬಾಗಿ. ಮೂವತ್ತೊಂದು ವರ್ಷ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳ ಕಾಗುಣಿತ ತಿದ್ದಿ ನಿವೃತ್ತಳಾದವಳು. ನಿಮ್ಮ ವಿಳಾಸವನ್ನು ಪತ್ರಿಕೆಯವರಿಂದ ತರಿಸಿಕೊಂಡೆ. ಫೋನ್ ಮಾಡುವ ಹಾಗಿಲ್ಲ, ನನಗೆ ಕಿವಿ ಕೇಳುವುದಿಲ್ಲ. ವಾಟ್ಸಾಪಿನಲ್ಲಿ ಕಳಿಸುವ ಎಂದು ನನ್ನ ತಮ್ಮನ ಸೊಸೆ ಚೇತನಾ ಹೇಳಿದಳು. ಬೇಡ ಎಂದೆ. ಅದರಲ್ಲಿ ಎಷ್ಟು ಬರೆದರೂ ಜನ ಒಂದು ಹೆಬ್ಬೆರಳು ತೋರಿಸಿ ಮುಗಿಸುತ್ತಾರೆ.

ಕವಿ ಇಂದುಧರನ ಜೀವನದ ಮೇಲೆ ನೀವು ಸಿನಿಮಾ ಮಾಡುತ್ತಿದ್ದೀರಿ ಎಂದು ಭಾನುವಾರದ ಪುರವಣಿಯಲ್ಲಿ ಓದಿದೆ. ಇಂದುಧರ ನನ್ನ ಸೋದರಮಾವ. ಮನೆಯಲ್ಲಿ ಅವನ ಹೆಸರು ಸೋಮ. ಇಪ್ಪತ್ತನಾಲ್ಕನೇ ವಯಸ್ಸಿಗೆ ಕ್ಷಯ ಬಂದು ಘಟ್ಟದ ಮೇಲಿನ ಆಸ್ಪತ್ರೆಯಲ್ಲಿ ತೀರಿಹೋದ. ಆಮೇಲೆ ಹದಿನೇಳು ವರ್ಷಕ್ಕೆ ನಾನು ಹುಟ್ಟಿದೆ. ಹಾಗಾಗಿ ಅವನನ್ನು ನಾನು ನೋಡಿಲ್ಲ. ಆದರೆ ಅವನ ತಾಯಿಯನ್ನು ನೋಡಿದ್ದೇನೆ. ಅದಕ್ಕೇ ಈ ಪತ್ರ.

ಅವನ ಹೆಸರಾದ ಪದ್ಯ 'ಅಬ್ಬಿ'. ನೀವು ಸಂದರ್ಶನದಲ್ಲಿ ಹೇಳಿದ್ದೀರಿ: 'ತಬ್ಬಲಿ ಕವಿ ಜಲಪಾತವನ್ನೇ ಪ್ರೇಯಸಿಯಾಗಿ ಕಂಡ, ನಮ್ಮ ಚಿತ್ರದ ಪ್ರಾಣವೇ ಆ ದೃಶ್ಯ.' ಜೊತೆಗೆ ನಾಯಕಿ ಒದ್ದೆ ಸೀರೆಯಲ್ಲಿ ನಿಂತ ಫೋಟೋ ಬೇರೆ.

ಸ್ವಾಮಿ, ನಮ್ಮ ಕುಂದಾಪ್ರ ಕನ್ನಡದಲ್ಲಿ ಅಬ್ಬಿ ಎಂದರೆ ತಾಯಿ. ಈಗಿನವರು ಅಮ್ಮ ಎನ್ನುತ್ತಾರೆ, ಮಮ್ಮಿ ಎನ್ನುತ್ತಾರೆ. ಆಗ ಅಬ್ಬಿಯೇ. ನೀವು ಅಬ್ಬಿಯನ್ನು ಪ್ರೇಯಸಿ ಮಾಡಿದ್ದನ್ನು ನಮ್ಮ ಕೇರಿಯಲ್ಲಿ ಹೇಳಿದರೆ ಜನ ಕಿವಿ ಮುಚ್ಚಿಕೊಳ್ಳುತ್ತಾರೆ. ನನಗೆ ಆ ಕಷ್ಟವೂ ಇಲ್ಲ.

ಇನ್ನೂ ಒಂದು. ಕೋಡಿ ಸಮುದ್ರಕ್ಕೂ ಹೊಳೆಗೂ ನಡುವಿನ ಮರಳಿನ ಊರು. ಇಲ್ಲಿ ನೀರು ಬೀಳುವುದಿದ್ದರೆ ಅದು ಮಳೆ ಮಾತ್ರ. ದಯವಿಟ್ಟು ಚಿತ್ರ ತೆಗೆಯುವ ಮೊದಲೇ ತಿದ್ದಿಕೊಳ್ಳಿ.

ಇಂತಿ,
ಬಾಗಿ


ಬೆಂಗಳೂರು
29 ನವೆಂಬರ್ 2024

ಮಾನ್ಯ ಶ್ರೀಮತಿ ಬಾಗಿ ಅವರಿಗೆ,

ತಮ್ಮ ಪತ್ರ ತಲುಪಿತು. ಕವಿಯ ಕುಟುಂಬದವರು ಇನ್ನೂ ಕೋಡಿಯಲ್ಲಿದ್ದಾರೆಂದು ತಿಳಿದು ಸಂತೋಷವಾಯಿತು. ನಾನು ಕೈಯಲ್ಲಿ ಪತ್ರ ಬರೆದು ಹದಿನೈದು ವರ್ಷವಾಗಿರಬೇಕು, ತಪ್ಪುಗಳಿದ್ದರೆ ಕ್ಷಮಿಸಿ.

ತಾವು ಹೇಳಿದ ಅರ್ಥ ಕುತೂಹಲಕರವಾಗಿದೆ. ಆದರೆ ನಮ್ಮ ಸಲಹೆಗಾರರಾದ ಪ್ರೊ. ಉಮಾನಾಥ ಅವರು ಎರಡು ಆಕ್ಷೇಪ ಎತ್ತಿದ್ದಾರೆ. ಒಂದು, ಕವಿ ಬದುಕಿದ್ದಾಗಲೇ ಒಂದು ಮಾಸಪತ್ರಿಕೆಯಲ್ಲಿ ತನ್ನನ್ನು 'ಎಳವೆಯಲ್ಲೇ ತಾಯಿಯನ್ನು ಕಳೆದುಕೊಂಡವ' ಎಂದು ಪರಿಚಯಿಸಿಕೊಂಡಿದ್ದಾರೆ. ಎರಡು, ಅವರ ಮರಣಾನಂತರ ಕವನ ಸಂಗ್ರಹ ಅಚ್ಚಾಗುವಾಗ ಸಂಪಾದಕರು ಮನೆಯವರಿಗೆ ಬರೆದು 'ಅಬ್ಬಿ' ಪದದ ಅರ್ಥ ಕೇಳಿದ್ದರು. ಮನೆಯವರಿಂದಲೇ ಉತ್ತರ ಬಂದಿದೆ: ಜಲಪಾತ. ಆ ಕಾರ್ಡು ಇಂದಿಗೂ ಇದೆ. ನಾನು ಹೊಸನಗರದ ಕಡೆಯವನು. ನಮ್ಮಲ್ಲೂ ಅಬ್ಬಿ ಎಂದರೆ ಜಲಪಾತವೇ.

ಆದರೂ ತಮ್ಮ ಅಭಿಪ್ರಾಯವನ್ನು ಗಂಭೀರವಾಗಿ ಪರಿಶೀಲಿಸುತ್ತೇವೆ.

ವಂದನೆಗಳೊಂದಿಗೆ,
ಜಿತೇಂದ್ರ


ಕೋಡಿ
6 ಡಿಸೆಂಬರ್ 2024

ಜಿತೇಂದ್ರ ಅವರಿಗೆ,

ನಿಮ್ಮ ಪತ್ರ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿದೆ. ಪರಿಶೀಲಿಸುತ್ತೇವೆ ಎಂಬ ಮಾತನ್ನು ನಾನು ಸರ್ಕಾರಿ ನೌಕರಿಯಲ್ಲಿ ಸಾಕಷ್ಟು ಕೇಳಿದ್ದೇನೆ. ಆಗ ಕಿವಿಯೂ ಇತ್ತು.

ಪ್ರೊಫೆಸರರನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ನಾಲ್ಕು ಸಾಲು ಓದಿ:

ಅಬ್ಬೀ, ನಿನ್ನ ಕೂಗು ಕೇಳಿ ಊರೆಲ್ಲ ಎದ್ದಿತು,
ಹೊರೆಯ ಕಲ್ಲಿಗಿಳುಹಿ ನೀನು ನಕ್ಕೆ;
ಮೈಯ ತುಂಬ ಬೆಳ್ಳಿ ಚೂರು ಹೊಳೆಯುತಿದ್ದವು,
ನಾನು ಮಾತ್ರ ಕಣ್ಣ ಮುಚ್ಚಿಕೊಂಡೆ.

ಕೂಗು ಎಂದರೆ ನೀರಿನ ಭೋರ್ಗರೆತ, ಬೆಳ್ಳಿ ಚೂರು ಎಂದರೆ ಬಿಸಿಲಿಗೆ ಹೊಳೆಯುವ ತುಂತುರು, ಕಣ್ಣು ಮುಚ್ಚಿದ್ದು ಆನಂದಸಮಾಧಿ. ಇದೆಲ್ಲ ಗೈಡುಗಳಲ್ಲಿದೆ. ಹಾಗಾದರೆ ಯಾವ ಜಲಪಾತ ತಲೆಯ ಮೇಲೆ ಹೊರೆ ಹೊರುತ್ತದೆ?

ನನ್ನ ಅಜ್ಜಿಯ ಹೆಸರು ಪದ್ದು. ಗಂಡ ಸಮುದ್ರಕ್ಕೆ ಹೋದವನು ತಿರುಗಿ ಬರಲಿಲ್ಲ. ಇವಳು ಮೀನಿನ ಹೆಡಿಗೆ ಹೊತ್ತು ಕೋಡಿಯಿಂದ ಕೋಟದವರೆಗೆ ನಡೆದು ಮಾರಿ, ಮಗನನ್ನು ಕಾಲೇಜಿಗೆ ಕಳಿಸಿದಳು. ಬೆಳಿಗ್ಗೆ ಅವಳು ಕೂಗಿದರೆ ಕೇರಿಗೆ ಕೇರಿಯೇ ಪಾತ್ರೆ ಹಿಡಿದು ಹೊರಬರುತ್ತಿತ್ತು. ದಾರಿಯಲ್ಲಿ ಹೊರೆ ಇಳಿಸಲಿಕ್ಕೆ ಎದೆಮಟ್ಟದ ಕಲ್ಲು ನಿಲ್ಲಿಸಿರುತ್ತಿದ್ದರು. ಮೈಮೇಲಿನ ಬೆಳ್ಳಿ ಚೂರು ಮೀನಿನ ಹುರುಪೆ. ಬಂಗ್ಡೆ, ಬೈಗೆ ಮಾರುವವರ ಕೈ ಕುತ್ತಿಗೆಗೆಲ್ಲ ಅದು ಅಂಟಿಕೊಂಡು ಮಿಂಚುತ್ತದೆ. ಒಮ್ಮೆ ಮೀನು ಪೇಟೆಗೆ ಬಂದು ನೋಡಿ.

ಅವಳು ಸತ್ತದ್ದು 1961ರಲ್ಲಿ. ಮಗ ಸತ್ತು ಇಪ್ಪತ್ತಮೂರು ವರ್ಷ ಕಳೆದ ಮೇಲೆ. ನಾನು ಅವಳ ಮಡಿಲಲ್ಲಿ ಕೂತು ಉಂಡವಳು. ಓದು ಬರಹ ಬಾರದ ಹೆಂಗಸು. ಮಗ ತನ್ನ ಮೇಲೆ ಪದ್ಯ ಬರೆದದ್ದು ಅವಳಿಗೆ ಸಾಯುವವರೆಗೂ ಗೊತ್ತಾಗಲಿಲ್ಲ. ಈಗ ನಿಮ್ಮ ಸಿನಿಮಾ ಬಂದರೆ ಊರಿಗೇ ಗೊತ್ತಾಗದ ಹಾಗೆ ಆಗುತ್ತದೆ. ನನಗೆ ಎಪ್ಪತ್ತು ನಡೆಯುತ್ತಿದೆ. ಇನ್ನು ನನ್ನಲ್ಲಿ ಬೇರೆ ಯಾವ ಆಸೆಯೂ ಇಲ್ಲ, ಆ ಪದ್ಯ ಅವಳದು ಎಂದು ಒಮ್ಮೆ ನಾಲ್ಕು ಜನರ ಮುಂದೆ ಆಗಬೇಕು.

ಆ ಕಾರ್ಡಿನ ಪ್ರತಿ ಕಳಿಸಿ. ಮನೆಯವರ ಹೆಸರಿನಲ್ಲಿ ಬರೆದ ಆ ಪುಣ್ಯಾತ್ಮರು ಯಾರು ಎಂದು ನಾನೂ ನೋಡಬೇಕು. ನನ್ನ ಅಜ್ಜಿಯಿಂದ ಪದ್ಯ ಕಿತ್ತುಕೊಂಡವರನ್ನು ನಾನು ಸುಮ್ಮನೆ ಬಿಡುವವಳಲ್ಲ.

ಬಾಗಿ


ಬೆಂಗಳೂರು
28 ಡಿಸೆಂಬರ್ 2024

ಬಾಗಿ ಟೀಚರ್ ಅವರಿಗೆ,

ಹೀಗೆ ಕರೆಯಬಹುದು ಎಂದುಕೊಂಡಿದ್ದೇನೆ. ನಿಮ್ಮ ಪತ್ರ ಓದಿದ ದಿನ ನನಗೆ ಬೇರೆ ಕೆಲಸ ಮಾಡಲಾಗಲಿಲ್ಲ. ಈ ಚಿತ್ರಕಥೆಯನ್ನು ನಾನು ಹನ್ನೊಂದು ವರ್ಷದಿಂದ ಹೊತ್ತುಕೊಂಡು ತಿರುಗುತ್ತಿದ್ದೇನೆ. ಮೂರು ನಿರ್ಮಾಪಕರು ಬದಲಾದರು. ಆ ನಾಲ್ಕು ಸಾಲು ನನಗೆ ಬಾಯಿಪಾಠ. ಹೊರೆ ಎಂಬ ಪದದ ಮುಂದೆ ಒಮ್ಮೆಯೂ ನಿಂತಿರಲಿಲ್ಲ.

ಉಮಾನಾಥ ಸರ್ ಅಷ್ಟು ಸುಲಭದಲ್ಲಿ ಒಪ್ಪುವುದಿಲ್ಲ. 'ಹೊರೆ ರೂಪಕ, ಕಾರ್ಡು ಪುರಾವೆ' ಎನ್ನುತ್ತಾರೆ. ನಿರ್ಮಾಪಕರಿಗೂ ಪುರಾವೆಯೇ ಬೇಕು. ಕಾರ್ಡಿನ ಎರಡೂ ಬದಿಯ ಪ್ರತಿ ಇದರ ಜೊತೆ ಇಟ್ಟಿದ್ದೇನೆ. ಅಂಚೆ ಮುದ್ರೆ ಕುಂದಾಪುರದ್ದು, 1939. ಬರೆದವರ ಹೆಸರಿಲ್ಲ, 'ಸೋಮನ ಮನೆಯವರು' ಎಂದಷ್ಟೇ ಇದೆ. ಬರೆದದ್ದು ಬೇರೆ ಯಾರೋ ಎಂದು ನೀವು ತೋರಿಸಿಕೊಟ್ಟರೆ ನಾನು ಎಲ್ಲರ ಜೊತೆ ಜಗಳಕ್ಕೆ ತಯಾರು.

ಜಿತೇಂದ್ರ


ಬೈಂದೂರು
3 ಫೆಬ್ರವರಿ 2025

ಬಾಗಿ ಟೀಚರ್,

ಒಂದು ತಿಂಗಳಾಯಿತು, ನಿಮ್ಮಿಂದ ಉತ್ತರವಿಲ್ಲ. ಬೈಂದೂರಿನ ಕಡಲತೀರದಲ್ಲಿ ನಾಲ್ಕು ದಿನದ ಚಿತ್ರೀಕರಣ ಇದೆ, ಲಾಡ್ಜಿನಿಂದ ಬರೆಯುತ್ತಿದ್ದೇನೆ. ಮೊನ್ನೆ ಕೋಡಿಗೆ ಬಂದಿದ್ದೆ. ನೀವು ಹೆಮ್ಮಾಡಿಗೆ ನೆಂಟರ ಮನೆಗೆ ಹೋಗಿದ್ದೀರಿ ಎಂದು ಚೇತನಾ ಹೇಳಿದರು. ಹೇಳುವಾಗ ಒಳಕೋಣೆಯ ಕಡೆ ನೋಡಿದರು. ನಾನು ಅಲ್ಲಿಂದ ಹೊರಟುಬಂದೆ.

ನಿಮಗೆ ಸಿಟ್ಟು ಬಂದಿರಬೇಕು. ಬರಬೇಕಾದದ್ದೇ. ಒಂದು ವಿಷಯ ನಿಮ್ಮಿಂದ ಮುಚ್ಚಿಟ್ಟೆ. ಜಲಪಾತದ ದೃಶ್ಯವನ್ನು ನಾವು ಅಕ್ಟೋಬರಿನಲ್ಲೇ ತೆಗೆದು ಮುಗಿಸಿದ್ದೆವು, ನಿಮ್ಮ ಮೊದಲ ಪತ್ರ ಬರುವ ಮೊದಲೇ. ಬೈಂದೂರಿನಿಂದ ಒಳಗೆ, ಕಾಡಿನಲ್ಲಿ ಒಂದು ಜಲಪಾತವಿದೆ. ಮಳೆಗಾಲದ ನೀರು ಇನ್ನೂ ತುಂಬಿ ಬೀಳುತ್ತಿತ್ತು. ಈ ನಿರ್ಮಾಪಕರು ಒಪ್ಪಿದ್ದೇ ಆ ಒಂದು ದೃಶ್ಯಕ್ಕಾಗಿ. 'ಪರಿಶೀಲಿಸುತ್ತೇವೆ' ಎಂದು ನಿಮಗೆ ಬರೆಯುವಾಗ ಪರಿಶೀಲಿಸಲು ಏನೂ ಉಳಿದಿರಲಿಲ್ಲ. ಅದನ್ನು ಹೇಳುವ ಧೈರ್ಯ ಇರಲಿಲ್ಲ.

ಚಿತ್ರಕ್ಕೆ ಕುಟುಂಬದವರ ಒಪ್ಪಿಗೆ ಪತ್ರ ಬೇಕೆಂದು ನಿರ್ಮಾಪಕರು ಹೇಳುತ್ತಿದ್ದಾರೆ. ನಮೂನೆ ಇಟ್ಟಿದ್ದೇನೆ. ಸಹಿ ಹಾಕದಿದ್ದರೂ ನಾನು ತಪ್ಪು ತಿಳಿಯುವುದಿಲ್ಲ. ನಿಜ ಹೇಳಬೇಕೆಂದರೆ, ಹಾಕದಿದ್ದರೆ ನನಗೆ ಒಳಗೊಳಗೇ ಒಂದು ಸಮಾಧಾನ. ಅಷ್ಟು ಸುಸ್ತಾಗಿದ್ದೇನೆ.

ಜಿತೇಂದ್ರ


ಕೋಡಿ
9 ಫೆಬ್ರವರಿ 2025

ಜಿತೇಂದ್ರ ಅವರಿಗೆ,

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಕಳಿಸಿದ್ದೇನೆ. ನನ್ನ ತಮ್ಮ ಶೇಖರನದ್ದೂ ಇದೆ.

ಅಬ್ಬಿ ಎಂದರೆ ಜಲಪಾತವೇ ಇರಲಿ. ಪ್ರೊಫೆಸರರು ಓದಿದವರು, ಅವರಿಗೆ ಗೊತ್ತಿರುತ್ತದೆ. ನಾನು ಮುದುಕಿ, ಏನೋ ನೆನಪಿನ ತಪ್ಪಿನಿಂದ ಬರೆದೆ. ಇನ್ನು ಈ ವಿಷಯ ಬೇಡ. ನನಗೆ ಬರೆಯಲೂ ಬೇಡಿ.

ಬಾಗಿ


ಬೆಂಗಳೂರು
1 ಮಾರ್ಚ್ 2025

ಬಾಗಿ ಟೀಚರ್,

ಬರೆಯಬೇಡಿ ಎಂದಿದ್ದೀರಿ. ಇದೊಂದು ಪತ್ರವನ್ನು ಓದಿಬಿಡಿ.

ನಿರ್ಮಾಪಕರಿಗೆ ಸಂತೋಷವಾಗಿದೆ. ಎಲ್ಲ ಸಲೀಸಾಯಿತು ಎಂದರು. ನನಗೆ ಮಾತ್ರ ನಂಬಿಕೆ ಬರಲಿಲ್ಲ. ಮೀನು ಪೇಟೆಗೆ ಬಂದು ನೋಡಿ ಎಂದು ನನ್ನನ್ನು ಗದರಿಸಿದ ಹೆಂಗಸು ಎರಡು ತಿಂಗಳಲ್ಲಿ 'ನೆನಪಿನ ತಪ್ಪು' ಎಂದು ಕೈಚೆಲ್ಲುವುದಿಲ್ಲ. ನಿಮ್ಮನ್ನು ಯಾರಾದರೂ ಬೆದರಿಸಿದರೇ ಎಂದು ಮೊದಲು ಯೋಚಿಸಿದೆ.

ಆಮೇಲೆ ಒಪ್ಪಿಗೆ ಪತ್ರವನ್ನು ನೋಡುತ್ತ ಕೂತೆ. ಕವಿಯ ಹಸ್ತಪ್ರತಿಯನ್ನು ಎಷ್ಟೋ ವರ್ಷ ನೋಡಿದವನು ನಾನು. ಅವರು 'ಬ' ಬರೆಯುವಾಗ ಕೆಳಗೆ ಒಂದು ಸಣ್ಣ ಬಾಲ ಎಳೆಯುತ್ತಾರೆ, ಎಡಕ್ಕೆ. ಅಂಥ ಬ ಬೇರೆಲ್ಲೂ ಕಂಡಿಲ್ಲ. ಕಾರ್ಡಿನಲ್ಲಿರುವ 'ಅಬ್ಬಿ'ಗೂ ಅದೇ ಬಾಲವಿದೆ. ಇಷ್ಟು ದಿನ ನನಗೆ ಹೊಳೆಯಲಿಲ್ಲ. ಈಗ ನಿಮ್ಮ ಸಹಿಯಲ್ಲೂ ಅದೇ ಬಾಲ.

ಕಾರ್ಡು ಬರೆದಾಗ ನೀವು ಹುಟ್ಟಿರಲಿಲ್ಲ. ನಿಮಗೆ ಬ ಬರೆಯಲು ಕಲಿಸಿದವರು ಯಾರು, ಟೀಚರ್?

ಉತ್ತರ ಕೊಡದಿದ್ದರೆ ಮತ್ತೆ ಕೇಳುವುದಿಲ್ಲ. ಉಮಾನಾಥ ಸರ್‌ಗೂ ಹೇಳಿಲ್ಲ.

ಜಿತೇಂದ್ರ


ಕೋಡಿ
20 ಮಾರ್ಚ್ 2025

ಜಿತೇಂದ್ರ,

ನೀವು ಮೇಷ್ಟ್ರಾಗಬೇಕಿತ್ತು. ಸಿನಿಮಾಕ್ಕೆ ಯಾಕೆ ಹೋದಿರೋ.

ನನಗೆ ಬ ಕಲಿಸಿದ್ದು ನನ್ನ ಅಮ್ಮ, ಚಂದು. ಸೋಮಮಾವನ ಒಬ್ಬಳೇ ತಂಗಿ. ಅವಳಿಗೆ ಕಲಿಸಿದ್ದು ಅವನೇ, ಕಡಲ ಮರಳಿನ ಮೇಲೆ ಬೆರಳು ಹಿಡಿದು. ನೀವು ಕಳಿಸಿದ ಪ್ರತಿಯನ್ನು ಬಿಡಿಸಿ ನೋಡಿದ್ದೇ ತಡ, ಅಮ್ಮನ ಕೈಬರಹದ ಗುರುತು ಸಿಕ್ಕಿತು. ಅಜ್ಜಿಯಿಂದ ಪದ್ಯ ಕಿತ್ತುಕೊಂಡವರನ್ನು ಬಿಡುವುದಿಲ್ಲ ಎಂದು ನಿಮಗೆ ಬರೆದಿದ್ದೆನಲ್ಲ. ಸಿಕ್ಕಿಬಿದ್ದವಳು ನನ್ನನ್ನು ಹೆತ್ತವಳು. ನೀವು ಮನೆಗೆ ಬಂದ ದಿನ ನಾನು ಒಳಕೋಣೆಯಲ್ಲೇ ಇದ್ದೆ.

ಅರ್ಧ ನನಗೆ ಮೊದಲೇ ಗೊತ್ತಿತ್ತು. ಕಾರ್ಡಿನ ಸಂಗತಿ ಮಾತ್ರ ಗೊತ್ತಿರಲಿಲ್ಲ, ಮನೆಯ ಮಾತು ಮನೆಯಲ್ಲೇ ಮುಗಿದಿದೆ ಎಂದುಕೊಂಡಿದ್ದೆ. ಅಮ್ಮ ಸಾಯುವ ವರ್ಷ, 2001ರಲ್ಲಿ, ನನ್ನನ್ನು ಹತ್ತಿರ ಕೂರಿಸಿಕೊಂಡು ಹೇಳಿದ್ದಳು. ಅದನ್ನು ಈಗ ಹೇಳುತ್ತೇನೆ. ಮುಚ್ಚಿಡುವುದಕ್ಕೂ ಶಕ್ತಿ ಬೇಕಲ್ಲ, ಅದು ನನ್ನಲ್ಲಿ ಮುಗಿದಿದೆ.

ಸೋಮಮಾವ ಕಾಲೇಜು ಮುಗಿಸಿ ಬ್ರಹ್ಮಾವರದ ಶಾಲೆಯಲ್ಲಿ ಮೇಷ್ಟ್ರಾದ. ದೊಡ್ಡ ಮನೆಯವರ ಸ್ನೇಹ, ಸಾಹಿತ್ಯದ ಮಾತು, ಮಡಿಯವರ ಮನೆಯಲ್ಲಿ ವಾಸ. ಆರು ತಿಂಗಳು ಊರಿಗೆ ಬರಲಿಲ್ಲ. ಅಜ್ಜಿಗೆ ತಡೆಯಲಾಗಲಿಲ್ಲ. ಹತ್ತು ವರ್ಷದ ಚಂದುವನ್ನು ಕರೆದುಕೊಂಡು ಹೆಡಿಗೆ ಹೊತ್ತು ಬ್ರಹ್ಮಾವರಕ್ಕೇ ನಡೆದಳು. ಬರಿಗೈಯಲ್ಲಿ ಹೋದರೆ ದಾರಿ ದಂಡ ಎಂದು ಮೀನು ಮಾರುತ್ತಲೇ ಹೋದಳಂತೆ. ಪೇಟೆಯಲ್ಲಿ ಮಗ ನಾಲ್ಕು ಜನ ಸ್ನೇಹಿತರ ಜೊತೆ ಬರುತ್ತಿದ್ದ. ಅಜ್ಜಿ ಹೊರೆಯನ್ನು ಕಲ್ಲಿಗೆ ಇಳಿಸಿ, ನಗುತ್ತ, 'ಹ್ವಾಯ್ ಸೋಮಾ!' ಎಂದು ಕೂಗಿದಳು. ಅವಳ ಕೂಗಿನ ಬಗ್ಗೆ ಹೇಳಿದ್ದೇನೆ. ಪೇಟೆಯೆಲ್ಲ ತಿರುಗಿ ನೋಡಿತು. ಅವನು ಕಣ್ಣು ಮುಚ್ಚಿಕೊಂಡು ಒಂದು ಗಳಿಗೆ ನಿಂತ. ಆಮೇಲೆ ಸ್ನೇಹಿತರಿಗೆ 'ನಮ್ಮೂರ ಮೀನಿನವಳು' ಎಂದು ಹೇಳಿ ಮುಂದೆ ಹೋದ.

ಬರುವ ದಾರಿಯಲ್ಲಿ ಅಜ್ಜಿ ಹೇಳಿದ್ದು ಇಷ್ಟೇ: 'ಅವಂಗೆ ಗಡಿಬಿಡಿ ಇದ್ದಿತ್ ಕಾಣ್.'

ಆ ವರ್ಷವೇ ಅಮ್ಮನ ಶಾಲೆ ನಿಂತಿತು. ಅಜ್ಜಿಗೆ ಬೆನ್ನು ನೋವು ಶುರುವಾಗಿ ಅರ್ಧ ಹೊರೆ ಅಮ್ಮನ ತಲೆಗೆ ಬಂತು. ಮೂರು ವರ್ಷ ಕಳೆದ ಮೇಲೆ ಊರಿನ ಮೇಷ್ಟ್ರು ಹೆಮ್ಮೆಯಿಂದ ಒಂದು ಮಾಸಪತ್ರಿಕೆ ತೋರಿಸಿದರು: ನೋಡು, ನಿನ್ನ ಅಣ್ಣನ ಪದ್ಯ ಬಂದಿದೆ. ಪದ್ಯದ ಕೆಳಗೆ 'ಎಳವೆಯಲ್ಲೇ ತಾಯಿಯನ್ನು ಕಳೆದುಕೊಂಡವ' ಎಂದಿತ್ತು. ಅಮ್ಮ ಅದನ್ನು ಓದುವಾಗ ಅಜ್ಜಿ ಕೋಟದಲ್ಲಿ ಮೀನು ಮಾರುತ್ತಿದ್ದಳು.

ಮರುವರ್ಷ ಆಸ್ಪತ್ರೆಯಿಂದ ಕಾಗದ ಬಂತು. ಅದರಲ್ಲಿ ಬೇರೇನೂ ಇರಲಿಲ್ಲ, ಈ ಪದ್ಯ ಒಂದೇ. ಅಜ್ಜಿ ಜಗಲಿಯಲ್ಲಿ ಕೂತು 'ಓದ್ ಹೆಣೇ' ಎಂದಳು, ಹುಡುಗಿಯರನ್ನು ನಮ್ಮಲ್ಲಿ ಹಾಗೇ ಕರೆಯುವುದು. ಹದಿನಾಲ್ಕು ವರ್ಷದ ಹುಡುಗಿ ಎಲ್ಲವನ್ನೂ ಮನಸ್ಸಿನಲ್ಲೇ ಓದಿಕೊಂಡಳು. ಅವಳಿಗೆ ಎಲ್ಲ ಅರ್ಥವಾಯಿತು, ಬ್ರಹ್ಮಾವರದ ಪೇಟೆಯಲ್ಲಿ ಅವಳೂ ಇದ್ದಳಲ್ಲ. 'ಘಟ್ಟದ ಮೇಲೆ ಬೀಳುವ ನೀರಿಗೂ ಅಬ್ಬಿ ಎನ್ನುತ್ತಾರೆ, ಎಲ್ಲಿ ಹೋದರೂ ಅಬ್ಬಿ ಬಿಡುವುದಿಲ್ಲ' ಎಂದು ಅವನೇ ಹಿಂದೊಮ್ಮೆ ತಮಾಷೆಯಾಗಿ ಬರೆದಿದ್ದ. ಅದು ಅವಳ ನೆನಪಿಗೆ ಬಂತು.

'ಎಂತ ಬರದಿದ ನನ್ ಮಗ?'

'ಒಂದ್ ಅಬ್ಬಿ ಮೇಲ್ ಪದ್ಯ ಬರದಿದ. ಘಟ್ಟದ್ ಮೇಲ್ ನೀರ್ ಬೀಳತ್ತಲೆ, ಅದ್ಕೆ ಅಬ್ಬಿ ಅಂತ್ರ್.'

'ನನ್ ಸುದ್ದಿ ಎಂತದೂ ಇಲ್ಯಾ?'

'ಇಲ್ಲೆ.'

ಎರಡು ವಾರಕ್ಕೆ ಅವನು ಸತ್ತ ಸುದ್ದಿ ಬಂತು. ಆಮೇಲೆ ತಿದ್ದಲಿಕ್ಕೆ ದಾರಿಯೇ ಉಳಿಯಲಿಲ್ಲ. ಈಗ ಹೇಳಿದರೆ, ಅಂದು ಯಾಕೆ ಹೇಳಲಿಲ್ಲ ಎಂಬ ಮಾತು ಬರುತ್ತದಲ್ಲ. ಅವನ ಹಸ್ತಪ್ರತಿಯಲ್ಲೂ ಇದೇ ಪದ್ಯ ಕಂಡು ಸಂಪಾದಕರು ಅರ್ಥ ಕೇಳಿ ಬರೆದಾಗ ಅದೇ ಸುಳ್ಳನ್ನು ಕಾರ್ಡಿಗೂ ಇಳಿಸಿದ್ದಾಳೆ. ಸುಳ್ಳು ಒಂದು ಸಲ ಮನೆಯೊಳಗೆ ಕೂತ ಮೇಲೆ ಅದಕ್ಕೂ ದಿನಾ ಅನ್ನ ಹಾಕಬೇಕಾಗುತ್ತದೆ.

ಈಗ ಹೇಳಿ. ಅಜ್ಜಿಗೆ ಪದ್ಯ ಕೊಡಿಸಬೇಕಾದರೆ ಅಮ್ಮನನ್ನು ಊರ ಮುಂದೆ ಕಳ್ಳಿ ಎಂದು ನಿಲ್ಲಿಸಬೇಕು. ಅಮ್ಮನ ಮಾನ ಉಳಿಸಬೇಕಾದರೆ ಅಜ್ಜಿ ಯಾವತ್ತಿನ ಹಾಗೆ ಹೊರಗೇ ಇರಬೇಕು. ಅದಕ್ಕೇ ಸಹಿ ಹಾಕಿಬಿಟ್ಟೆ. ಸತ್ತ ಇಬ್ಬರಲ್ಲಿ ಒಬ್ಬಳು ನನ್ನನ್ನು ಹೆತ್ತವಳು, ನಾನು ಏನು ಮಾಡಲಿ?

ಬಾಗಿ


ಬೆಂಗಳೂರು
14 ಏಪ್ರಿಲ್ 2025

ಪ್ರೀತಿಯ ಬಾಗಿ ಟೀಚರ್,

ನಿಮ್ಮ ಪತ್ರವನ್ನು ನನ್ನ ಹೆಂಡತಿ ದಿವ್ಯಾಗೆ ಓದಿ ಹೇಳಲು ಹೋಗಿ ಅರ್ಧಕ್ಕೇ ನಿಲ್ಲಿಸಿದೆ. ಉಳಿದದ್ದನ್ನು ಅವಳೇ ಓದಿಕೊಂಡಳು.

ಮೂರು ವಾರ ನಿರ್ಮಾಪಕರ ಕಚೇರಿಗೆ ಅಲೆದೆ. ಏನಾಯಿತು ಎಂದು ಇದ್ದ ಹಾಗೆ ಹೇಳುತ್ತೇನೆ, ಈ ಸಲ ಮುಚ್ಚಿಡುವುದಿಲ್ಲ.

ಜಲಪಾತವನ್ನು ಚಿತ್ರದಿಂದ ತೆಗೆಯಲು ಅವರು ಒಪ್ಪಲಿಲ್ಲ. ಜಲಪಾತ ಇಲ್ಲದಿದ್ದರೆ ಚಿತ್ರವೇ ಇಲ್ಲ ಎಂದರು. ನಾಯಕಿಯ ಒದ್ದೆ ಸೀರೆಯ ಹಾಡನ್ನು ಮಾತ್ರ ಕಿತ್ತುಹಾಕಿಸಿದೆ. ಅದಕ್ಕೆ ಬದಲಾಗಿ ಒಂದೇ ಒಂದು ದಿನದ ಚಿತ್ರೀಕರಣ ಕೊಟ್ಟಿದ್ದಾರೆ, ಜೂನ್ ಕೊನೆಗೆ, ಅದೇ ಜಲಪಾತದ ಬಳಿ. ಅಷ್ಟರಲ್ಲಿ ಮಳೆ ಹಿಡಿದು ನೀರು ತುಂಬಿರುತ್ತದೆ. ಜೊತೆಗೆ ಒಳಾಂಗಣದಲ್ಲಿ ಒಂದು ಸಣ್ಣ ದೃಶ್ಯ.

ಆ ಸಣ್ಣ ದೃಶ್ಯದಲ್ಲಿ ನಾನು ಜಗಲಿಯನ್ನು ತೆಗೆಯಬೇಕೆಂದಿದ್ದೇನೆ. ಅಜ್ಜಿ, ಹುಡುಗಿ, ಕಾಗದ. 'ಇಲ್ಲೆ' ಎಂಬ ಮಾತಿನವರೆಗೆ. ಅದು ಬಂದರೆ ಪದ್ಯ ಯಾರದ್ದು ಎಂದು ನೋಡಿದವರಿಗೆಲ್ಲ ತಿಳಿಯುತ್ತದೆ. ನಿಮ್ಮ ತಾಯಿ ಮಾಡಿದ್ದೂ ತಿಳಿಯುತ್ತದೆ. ನೀವು ಬೇಡ ಎಂದರೆ ತೆಗೆಯುವುದಿಲ್ಲ. ನಾನು ಇನ್ನೂ ಹನ್ನೊಂದು ವರ್ಷ ಇದನ್ನು ಹೊರಬಲ್ಲೆ ಎಂದು ಬರೆಯಬೇಕೆಂದಿದ್ದೆ. ಸುಳ್ಳು. ಹೊರಲಾರೆ. ಆದರೂ ನಿರ್ಧಾರ ನಿಮ್ಮದೇ.

ಇನ್ನೊಂದು ತೊಡಕು. ಜಗಲಿಯ ದೃಶ್ಯ ಬಂದರೆ ಆಮೇಲೆ ಜಲಪಾತದ ಬಳಿ ಕವಿಯನ್ನು ನಿಲ್ಲಿಸಲು ನನಗೆ ಮನಸ್ಸಿಲ್ಲ. ಆ ಒಂದು ದಿನ ನೀರಿನ ಮುಂದೆ ಯಾರನ್ನು ನಿಲ್ಲಿಸಲಿ ಎಂದು ಹೊಳೆಯುತ್ತಿಲ್ಲ.

ನಿಮ್ಮ,
ಜಿತೇಂದ್ರ


ಕೋಡಿ
3 ಮೇ 2025

ಜಿತೇಂದ್ರ,

ಎರಡು ವಾರ ಯೋಚಿಸಿದೆ. ಶೇಖರನಿಗೂ ಎಲ್ಲ ಹೇಳಿದೆ. ಅವನಿಗೆ ಇದು ಯಾವುದೂ ಗೊತ್ತಿರಲಿಲ್ಲ. ನನಗೆ ತುಟಿ ಕಾಣುವ ಹಾಗೆ ಎದುರು ಕೂತು, 'ಅಮ್ಮ ಒಬ್ಳೇ ಎಷ್ಟ್ ವರ್ಷ ಇದನ್ ಹೊತ್ಕಂಡ್ ತಿರ್ಗಿಳ್ ಅಕ್ಕಾ' ಎಂದ. ಗಂಡಸರಿಗೂ ಒಮ್ಮೊಮ್ಮೆ ಬುದ್ಧಿ ಬರುತ್ತದೆ.

ಜಗಲಿಯ ದೃಶ್ಯ ತೆಗೆಯಿರಿ. ಅಮ್ಮನನ್ನು ಒಳ್ಳೆಯವಳು ಮಾಡಬೇಡಿ. ಅವಳು ಸುಳ್ಳು ಹೇಳಿದ್ದು ಹೌದು, ಬೇಕೆಂದೇ ಹೇಳಿದಳು. ಆದರೆ ಅದಕ್ಕೆ ಮೊದಲು ಅವಳು ಹೆಡಿಗೆ ಹೊತ್ತು ಶಾಲೆಯ ಮುಂದೆ ನಡೆದು ಹೋಗುವುದನ್ನು ತೋರಿಸಿ. ಅಷ್ಟೇ ಸಾಕು, ಉಳಿದದ್ದನ್ನು ಹೆಂಗಸರು ಅರ್ಥ ಮಾಡಿಕೊಳ್ಳುತ್ತಾರೆ.

ನೀರಿನ ಮುಂದೆ ಯಾರನ್ನು ನಿಲ್ಲಿಸಲಿ ಎಂದು ಕೇಳಿದ್ದೀರಿ. ಕೇಳುವವರೆಗೆ ಇದನ್ನು ಹೇಳುವ ಮನಸ್ಸಿರಲಿಲ್ಲ. ಇದೊಂದನ್ನು ತಮ್ಮನಿಗೂ ಹೇಳಿರಲಿಲ್ಲ.

ಮಗ ಸತ್ತ ಮೇಲೆ ಅಜ್ಜಿಗೆ ಒಂದು ಹುಚ್ಚು ಹಿಡಿಯಿತು. ಘಟ್ಟದ ಕಡೆಯವರು ಯಾರೇ ಸಿಕ್ಕಲಿ, ಮೀನು ಕೊಳ್ಳಲು ಬಂದ ವ್ಯಾಪಾರಿ ಇರಲಿ, 'ನೀವ್ ಅಬ್ಬಿ ಕಂಡಿರ್ಯಾ? ಹ್ಯಾಂಗಿತ್ತ್?' ಎಂದು ಕೇಳುತ್ತಿದ್ದಳು. ನಾನೇ ಕೇಳಿದ್ದೇನೆ. ಅವಳು ಕೇಳಿದಾಗಲೆಲ್ಲ ಅಮ್ಮ ಒಳಗೆ ಎದ್ದು ಹೋಗುತ್ತಿದ್ದಳು. ಮಗ ಕೊನೆಗೆ ಬರೆದದ್ದು ಒಂದರ ಮೇಲೆ ಎಂದಾದರೆ ಅದನ್ನು ಒಮ್ಮೆ ಕಣ್ಣಾರೆ ನೋಡಬೇಕೆಂದು ಅಜ್ಜಿಯ ಆಸೆ. ಇಪ್ಪತ್ತೆರಡು ವರ್ಷ ಕೇಳಿದಳು.

1960ರಲ್ಲಿ ಅಜ್ಜಿಗೆ ಕಾಲು ಬಾತು, ಇನ್ನು ಹೆಚ್ಚು ದಿನ ಇಲ್ಲ ಎಂದು ಎಲ್ಲರಿಗೂ ಗೊತ್ತಾಯಿತು. ನವರಾತ್ರಿ ಕಳೆದ ಮೇಲೆ ಅಮ್ಮ ಅವಳನ್ನು ಕರೆದುಕೊಂಡು ಹೊರಟಳು. ನನಗೆ ಐದು ವರ್ಷ, ಬಿಟ್ಟು ಹೋದರೆ ಅಳುತ್ತೇನೆಂದು ನನ್ನನ್ನೂ ಕರೆದುಕೊಂಡಳು. ದೋಣಿ ದಾಟಿ, ಬಸ್ಸು ಹಿಡಿದು ಬೈಂದೂರು. ಅಲ್ಲಿಂದ ಎತ್ತಿನ ಗಾಡಿ, ಕೊನೆಗೆ ನಡಿಗೆ. ಬೈಂದೂರಿನ ಒಳಗಿನ ಕಾಡು ಎಂದು ನೀವು ಬರೆದಾಗಲೇ ನನಗೆ ಆ ದಾರಿ ನೆನಪಾಗಿತ್ತು. ಅದೇ ಜಲಪಾತವೋ ಬೇರೆಯೋ ಗೊತ್ತಿಲ್ಲ, ನೀರೆಲ್ಲ ಒಂದೇ.

ಅಲ್ಲಿ ತಲುಪಿದ ಮೇಲೆ ಹೇಳಿಬಿಡಬೇಕೆಂದು ಅಮ್ಮ ಮನಸ್ಸು ಗಟ್ಟಿ ಮಾಡಿಕೊಂಡೇ ಹೊರಟಿದ್ದಳಂತೆ. ಅಬ್ಬಿ ಎಂದರೆ ಇದಲ್ಲ, ನೀನು, ಎಂದು. ಅಷ್ಟು ಹೇಳಲಿಕ್ಕಾಗಿಯೇ ಅಷ್ಟು ದೂರ.

ಅಜ್ಜಿ ಕಲ್ಲಿನ ಮೇಲೆ ಒದ್ದೆಯಾಗುತ್ತ ನಿಂತಳು. ಬಹಳ ಹೊತ್ತು ನೋಡಿದಳು. ನನಗೆ ಆಗ ಕಿವಿ ಚೆನ್ನಾಗಿತ್ತು, ನೀರಿನ ಸದ್ದಿನಲ್ಲೂ ಅವಳ ಕಂಠ ಕೇಳಿತು. ಅಮ್ಮ ಬಾಯಿ ತೆರೆದವಳು ಹಾಗೇ ನಿಂತುಬಿಟ್ಟಳು, ಆಮೇಲೆ ಯಾವತ್ತೂ ಹೇಳಲಿಲ್ಲ. ಆ ಮಾತನ್ನು ಹಾಗೇ ಇಳಿಸಿ ಕೊಡುತ್ತೇನೆ. ಪ್ರೊಫೆಸರರ ಕೈಯಲ್ಲಿ ತಿದ್ದಿಸಬೇಡಿ, ಹೇಳುವವಳು ನಮ್ಮ ಕಡೆಯವಳೇ ಇರಲಿ.

ಅಜ್ಜಿ ಎರಡೂ ಕೈ ಎತ್ತಿ ಆ ನೀರಿಗೆ ಮುಗಿದು ಹೇಳಿದಳು: 'ಸಾಯು ಹೊತ್ತಿಗೆ ನನ್ ಮಗ ನಿನ್ನ ನೆನ್ಸ್ಕಂಡ. ನೀ ಪುಣ್ಯವಂತಿ ಮಾರಾಯ್ತಿ.'

ಬಾಗಿ